ಹೊಸ ಬಾಗಿನದ ಸೀರೆ ತೆಗೆಯಬೇಕು

ಮಹದೇವು ಅವತ್ತು ಬೆಳಗ್ಗೆ ಕ್ಯಾಮೆರಾದ ಮುಂದೆ ಆಡಿದ್ದು ನಾಲ್ಕೇ ನಾಲ್ಕು ಪದ. ಆ ನಾಲ್ಕು ಪದ ಆಡುವ ಬದಲು ಬಾಯಿಗೆ ಇನ್ನೊಂದು ಇಡ್ಲಿ ತುರುಕಿಕೊಂಡಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಅವನೂ ಕಣ್ತುಂಬ ನಿದ್ದೆ ಮಾಡಿರುತ್ತಿದ್ದ.

ನಿದ್ದೆ ಬಿಟ್ಟರೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ ಅನ್ನಿ. ಕಡಕೊಳದ ಒಂದು ಕಾರ್ಖಾನೆಯಲ್ಲಿ ಆರು ವರ್ಷದಿಂದ ನೈಟ್ ಶಿಫ್ಟು. ಬೆಳಗ್ಗೆ ಏಳೂಮುಕ್ಕಾಲಿಗೆ ಕಂಪನಿ ಬಸ್ಸು ಅವನನ್ನು ಕುಂಬಾರಕೊಪ್ಪಲಿನ ಸರ್ಕಲ್ಲಿನಲ್ಲಿ ಇಳಿಸುವ ಹೊತ್ತಿಗೆ ಬೀದಿಗೆ ಬೀದಿಯೇ ಎದ್ದು, ಮುಖ ತೊಳೆದು, ಗಲಾಟೆಗೆ ತಯಾರಾಗಿರುತ್ತಿತ್ತು. ಅವನು ಕಣ್ಣು ಮುಚ್ಚುವುದಕ್ಕೂ ಸೊಪ್ಪಿನ ಗಾಡಿಯವನ ಮೈಕು ಬಾಯಿ ತೆರೆಯುವುದಕ್ಕೂ ಸರಿಹೋಗುತ್ತಿತ್ತು. ಮೈಕು ಹೋದರೆ ಪಕ್ಕದ ಮನೆಯ ಕುಕ್ಕರು. ಕುಕ್ಕರು ಸುಮ್ಮನಾದರೆ ಹೆಂಡತಿ ದೇವಿರಮ್ಮನ ಧಾರಾವಾಹಿ. ಆರು ವರ್ಷದಲ್ಲಿ ಅವನ ಕಣ್ಣು ಕೆಂಪಾಗಿ, ಕಣ್ಣ ಕೆಳಗೆ ಚೀಲ ಇಳಿಬಿದ್ದು, ಎದುರು ಸಿಕ್ಕವರೆಲ್ಲ "ಪಾಪ, ಯಾರು ಹೋಗ್ಬುಟ್ರು?" ಎಂದು ಕೇಳುವ ಹಾಗಾಗಿತ್ತು.

ಹಗಲು ಹೊತ್ತಿನ ಜನರಲ್ ಶಿಫ್ಟಿಗೆ ಹಾಕಿ ಸ್ವಾಮಿ ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾದ ಮೇಲೆ, ಹಿಂದಿನ ದಿನ ಸೂಪರ್‌ವೈಸರ್ ಮಹೇಂದ್ರ ಅವನನ್ನು ಪಕ್ಕಕ್ಕೆ ಕರೆದಿದ್ದ.

"ನೋಡಿ ಮಹದೇವು, ನಾಳೆ ಸಾಯಂಕಾಲ ಐದು ಗಂಟೆಗೆ ಜನರಲ್ ಶಿಫ್ಟ್ ಲಿಸ್ಟ್ ಹಾಕ್ತೀನಿ. ನಿಮ್ ಹೆಸರು ಬರ್ದಿದೀನಿ. ಅಂದಂಗೆ, ನನ್ ಬಾಮೈದ ಚೈತನ್ಯ ಸಿನಿಮಾ ಡೈರೆಕ್ಟ್ರು, ಗೊತ್ತಲ್ಲ? ಹಳೇ ‘ಬಾಗಿನದ ಸೀರೆ’ನ ಈಗಿನ ಕಾಲಕ್ಕೆ ತಕ್ಕಂಗೆ ಮತ್ತೆ ತೆಗೀತಾನಂತೆ. ಬೆಳಗ್ಗೆ ನಿಮ್ಮನೇಗೆ ಬರ್ತಾನೆ. ಕ್ಯಾಮೆರಾ ಮುಂದೆ ಒಂದೊಳ್ಳೆ ಮಾತು ಹೇಳ್ಬುಡಿ."

ಎರಡು ವಿಷಯವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಅವೆರಡರ ನಡುವಿನ ನಂಟನ್ನು ಮಹದೇವುಗೆ ಬೇರೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇವನ ಮಾತಿಗೇ ಯಾಕಪ್ಪ ಇಷ್ಟು ಬೆಲೆ ಅಂತೀರೋ? ಐವತ್ತು ವರ್ಷದ ಹಿಂದೆ ‘ಬಾಗಿನದ ಸೀರೆ’ಯ ಕೊನೆಯ ದೃಶ್ಯ ತೆಗೆದದ್ದು ಇವನ ಮನೆಯ ಜಗಲಿಯ ಮೇಲೆ. ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತರುತ್ತಾನೆಂದು ವರ್ಷ ವರ್ಷವೂ ದಾರಿ ಕಾಯುವ ಗೌರಮ್ಮ, ಕೊನೆಗೂ ಅಣ್ಣ ಸೀರೆ ಹಿಡಿದು ಓಡಿ ಬರುವ ಹೊತ್ತಿಗೆ ಜಗಲಿಯ ಕಂಬಕ್ಕೆ ಒರಗಿ ಪ್ರಾಣ ಬಿಟ್ಟಿರುತ್ತಾಳೆ. ಮೈಸೂರಿನ ಹೆಂಗಸರೆಲ್ಲ ಸೆರಗು ಒದ್ದೆ ಮಾಡಿಕೊಂಡ ಸಿನಿಮಾ. ದೇವಿರಮ್ಮನಂತೂ ಇವತ್ತಿಗೂ ಹಬ್ಬದ ದಿನ ಆ ಕಂಬಕ್ಕೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುತ್ತಾಳೆ. ಗಂಡನಿಗೆ ಆ ಮನೆಯಲ್ಲಿ ಕಂಬದಷ್ಟು ಮರ್ಯಾದೆ ಇರಲಿಲ್ಲ.

"ಆ ಸಿನಿಮಾ ತಂಟೆಗೆ ಯಾರಾದ್ರೂ ಬರ್ಲಿ, ನಾನಿದೀನಿ," ಎಂದು ಅವಳು ಮೊದಲೇ ಸಾರಿದ್ದಳು. "ನೀವೇನಾದ್ರೂ ಹೂಂ ಅಂದ್ರೋ, ಜಗಲಿ ಮೇಲೇ ಹಾಸಿಗೆ."

ಚೈತನ್ಯ ಎಂಟೂಕಾಲಿಗೇ ಬಂದ. ಮಹದೇವು ಆಗಷ್ಟೇ ಇಡ್ಲಿ ತಟ್ಟೆ ಹಿಡಿದು ಜಗಲಿಯ ಮೇಲೆ ಕೂತಿದ್ದ. ಚೈತನ್ಯ ಒಂದು ಉದ್ದನೆಯ ಕೋಲಿಗೆ ಮೊಬೈಲು ಸಿಕ್ಕಿಸಿಕೊಂಡು, ಬಂದವನೇ ಕಂಬವನ್ನು ತಡವಿ, ಹೊಸ ಕತೆ ಹೇಳತೊಡಗಿದ.

"ಆಂಟಿ, ನಮ್ ಗೌರಿ ಅಪಾರ್ಟ್‌ಮೆಂಟಲ್ಲಿ ಇರ್ತಾಳೆ. ಅಣ್ಣ ಸೀರೆನ ಆನ್‌ಲೈನಲ್ಲಿ ಕಳಿಸ್ತಾನೆ. ಡೆಲಿವರಿಯವನು ಪಕ್ಕದ ಮನೇಗೆ ಕೊಟ್ಬಿಡ್ತಾನೆ."

"ಸಾಯೋದು ಯಾವಾಗ?" ದೇವಿರಮ್ಮ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

"ಸಾಯಲ್ಲ ಆಂಟಿ. ಗಂಡನ್ನ ಬಿಟ್ಟು ಬೊಟೀಕ್ ಇಡ್ತಾಳೆ."

"ಗೌರಮ್ಮ ಬೊಟೀಕ್ ಇಡೋದಾ!" ಸೌಟಿನಿಂದ ಸಾಂಬಾರು ಚಿಮ್ಮಿ ಚೈತನ್ಯನ ಅಂಗಿಯ ಮೇಲೆ ಬಿತ್ತು. "ಆಯಮ್ಮ ಸತ್ತಿದ್ದಕ್ಕೇ ಕಣಯ್ಯ ನಾವು ಐವತ್ತು ವರ್ಷದಿಂದ ಅಳ್ತಿರೋದು! ಬದುಕ್ಬುಟ್ರೆ ಯಾರಿಗಯ್ಯ ಅಳ್ಬೇಕು?"

ಸದ್ದು ಕೇಳಿ ಪಕ್ಕದ ಮನೆಯ ಅನುಪಮಾ ಕಾಂಪೌಂಡಿನ ಮೇಲಿಂದ ಇಣುಕಿದಳು. ಕಾಲೇಜಿನಲ್ಲಿ ಪಾಠ ಮಾಡುವವಳು, ಅವತ್ತು ರಜೆ. "ಅಲ್ಲಾ ಆಂಟಿ, ಒಂದು ಸೀರೆಗೋಸ್ಕರ ಯಾರಾದ್ರೂ ಸಾಯ್ತಾರಾ? ಹೆಣ್ಮಕ್ಕಳನ್ನ ಇನ್ನೂ ಎಷ್ಟು ದಿನ ಹಂಗೇ ಕಂಬಕ್ಕೆ ಒರಗಿಸಿ ಸಾಯಿಸ್ತೀರಾ? ಹೊಸದಾಗೇ ತೆಗೀಲಿ ಬಿಡಿ."

"ಸೀರೆಗಲ್ಲ ಕಣಮ್ಮ ಅವಳು ಸತ್ತಿದ್ದು, ತವರಿಗೆ."

"ಈಗ ಯಾರು ತವರಿನ ದಾರಿ ಕಾಯ್ಕೊಂಡು ಕೂತಿರ್ತಾರೆ ಆಂಟಿ? ಆ ಕಾಲ ಹೋಯ್ತು."

ಟೀ ಅಂಗಡಿಯಿಂದ ಸಿದ್ದೇಶನೂ ಬಂದ. ಅವನು ‘ಹಳೆಯ ಚಿತ್ರಗಳ ಸಂರಕ್ಷಣಾ ವೇದಿಕೆ’ಯ ಅಧ್ಯಕ್ಷ, ಕಾರ್ಯದರ್ಶಿಯೂ ಅವನೇ, ಸದಸ್ಯನೂ ಅವನೇ. "ಮುಟ್ಬಾರ್ದು! ಒಂದು ಫ್ರೇಮ್ ಮುಟ್ಬಾರ್ದು!" ಎಂದು ಗೇಟಿನಿಂದಲೇ ಕೂಗಿದ. ಅಲ್ಲಿಂದ ಅರ್ಧ ಗಂಟೆ ಯಾರು ಯಾರಿಗೆ ಏನು ಹೇಳಿದರೋ ದೇವರಿಗೇ ಗೊತ್ತು. ಮಹದೇವು ತಟ್ಟೆಯ ಮುಂದೆ ಕೂತಲ್ಲೇ ಒಂದು ಸುತ್ತು ತೂಕಡಿಸಿದ.

ಎಚ್ಚರವಾದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮೊಬೈಲಿನ ಕೋಲು ಅವನ ಮೂಗಿನ ಹತ್ತಿರ ಇತ್ತು.

"ನೀವೇ ಹೇಳಿ ಅಂಕಲ್," ಎಂದ ಚೈತನ್ಯ. "ಮನೆ ಯಜಮಾನ್ರು ನೀವು. ತೆಗೀಬೇಕೋ, ಬೇಡ್ವೋ?"

ಬೇಕು ಅಂದರೆ ಸೌಟು. ಬೇಡ ಅಂದರೆ ಶಿಫ್ಟು. ಆರು ವರ್ಷ ನಿದ್ದೆಗೆಟ್ಟ ಆ ತಲೆಯೊಳಗೆ ಅದು ಎಲ್ಲಿತ್ತೋ ಏನೋ, ಒಂದು ಬೆಳಕು ಹೊಳೆಯಿತು.

"ಹೊಸ ಬಾಗಿನದ ಸೀರೆ ತೆಗೀಬೇಕು," ಎಂದ.

"ಸೂಪರ್ ಅಂಕಲ್!" ಚೈತನ್ಯ ಕೋಲು ಮಡಚಿ, ಭಾವನಿಗೆ ವಿಡಿಯೊ ಕಳಿಸುತ್ತಲೇ ಗಾಡಿ ಹತ್ತಿದ.

ದೇವಿರಮ್ಮ ಗಂಡನ ತೋಳು ಹಿಡಿದು ಒಳಕ್ಕೆ ಎಳೆದುಕೊಂಡಳು. "ಏನಂದ್ರಿ ನೀವು?"

"ಅಯ್ಯೋ, ನಿನ್ ಪರವಾಗೇ ಹೇಳಿದ್ದು ಕಣೇ! ತೆಗೀಬೇಕು ಅಂದ್ರೆ ಏನು? ಕಣ್ಣಲ್ಲಿ ಕಸ ಬಿದ್ರೆ ತೆಗೀಬೇಕು ಅನ್ನಲ್ವಾ? ಅಂಗೆ. ಆ ಹೊಸಾದು ಇದ್ಯಲ್ಲ, ಅದನ್ನ ತೆಗೆದಾಕ್ಬೇಕು ಅಂತ. ಅವನ ಮುಖಕ್ಕೇ ಹೇಳ್ದೆ, ಅವನಿಗೇ ಗೊತ್ತಾಗ್ನಿಲ್ಲ."

ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ದೇವಿರಮ್ಮನಿಗೆ ಗಂಡನ ಬುದ್ಧಿಯ ಮೇಲೆ ಅಭಿಮಾನ ಉಕ್ಕಿತು. ತಾನೇ ಚಾಪೆ ಹಾಸಿ, ಕಿಟಕಿ ಮುಚ್ಚಿ, "ಮಲೀಕಳಿ, ಯಾರು ಬಂದ್ರೂ ಎಬ್ಬಿಸಲ್ಲ," ಎಂದಳು. ಆಮೇಲೆ ಹೊರಗೆ ಹೋಗಿ, ಅಲ್ಲೇ ನಿಂತಿದ್ದ ಸಿದ್ದೇಶನಿಗೆ ಗಂಡನ ಜಾಣತನವನ್ನು ವಿವರವಾಗಿ ಹೇಳಿದಳು. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ಸಿದ್ದೇಶನಿಗೆ ಇಷ್ಟು ಸಿಕ್ಕಿದ್ದೇ ಸಾಕು. ನಮ್ಮ ಮೈಸೂರಿನಲ್ಲಿ ಅನ್ನ ಬೇಯುವುದು ತಡವಾಗಬಹುದು, ಫ್ಲೆಕ್ಸು ತಡವಾಗುವುದಿಲ್ಲ. ಹನ್ನೊಂದು ಗಂಟೆಗೆಲ್ಲ ಸರ್ಕಲ್ಲಿನ ಕಂಬಕ್ಕೆ ಎಂಟಡಿ ಉದ್ದದ ಮಹದೇವು ಏರಿದ್ದ. ಯಾವುದೋ ಮದುವೆಯ ಫೋಟೊದಿಂದ ಕತ್ತರಿಸಿ ತೆಗೆದ, ಕೈ ಮುಗಿದು ನಿಂತ ಮಹದೇವು. ಅವನ ತಲೆಯ ಮೇಲೆ ಕೆಂಪು ಅಕ್ಷರದಲ್ಲಿ: ‘ಹೊಸ ಬಾಗಿನದ ಸೀರೆ ತೆಗೆಯಬೇಕು! ಇಂತಿ, ಮಹದೇವು, ಕುಂಬಾರಕೊಪ್ಪಲು.’ ಸಿನಿಮಾ ಎಂಬ ಪದವನ್ನು ಹಾಕಲು ಜಾಗ ಸಾಲಲಿಲ್ಲವಂತೆ. ಜಾಗವನ್ನೆಲ್ಲ ವೇದಿಕೆಯ ಹೆಸರು ತಿಂದಿತ್ತು.

ಹನ್ನೊಂದೂವರೆಗೆ ಫೋನು ಹೊಡೆದುಕೊಂಡಿತು. ಮಹೇಂದ್ರ.

"ಏನ್ರೀ ಮಹದೇವು, ಸರ್ಕಲ್ಲಲ್ಲಿ ಅದೇನೋ ಫ್ಲೆಕ್ಸ್ ಕಟ್ಸಿದೀರಂತೆ? ಕೆಳಗೆ ಸಂರಕ್ಷಣಾ ವೇದಿಕೆ ಅಂತ ಇದೆಯಂತೆ? ನಮ್ ಹುಡುಗನ ಸಿನಿಮಾ ತೆಗೆದಾಕ್ಬೇಕು ಅಂತ ಊರ್ ತುಂಬ ಹೇಳ್ಕೊಂಡು ತಿರುಗ್ತಿದಾರಂತೆ? ಲಿಸ್ಟ್ ಇನ್ನೂ ನನ್ ಕೈಯಲ್ಲೇ ಇದೆ, ತಿಳ್ಕಳಿ."

ಮಹದೇವು ಚಾಪೆಯಿಂದ ಚಂಗನೆ ಎದ್ದು ಕೂತ. "ಸಾರ್ ಸಾರ್, ತೆಗೀಬೇಕು ಅಂದ್ರೆ ಶೂಟಿಂಗ್ ಮಾಡ್ಬೇಕು ಅಂತ! ಸಿನಿಮಾ ತೆಗೆಯೋದು ಅನ್ನಲ್ವಾ ಸಾರ್? ಅಂಗೆ. ನನ್ ಹೆಂಡ್ತಿ ಕೈಲಿ ತಪ್ಪಿಸ್ಕೊಳ್ಳೋಕೆ ಅವಳಿಗೊಂದು ಬೇರೆ ಅರ್ಥ ಹೇಳಿದೀನಿ ಅಷ್ಟೆ. ನನ್ ನಿಜವಾದ ಅರ್ಥ ನಿಮ್ಮರ್ಥಾನೇ!"

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ದೇವಿರಮ್ಮ, ಕೈಯಲ್ಲಿ ಮಜ್ಜಿಗೆ ಲೋಟ. ಅವಳು ಅದನ್ನು ತಾನೇ ಗಟಗಟ ಕುಡಿದು, ಚಾಪೆ ಸುತ್ತಿ, ಜಗಲಿಗೆ ಎಸೆದಳು.

ಆ ಫ್ಲೆಕ್ಸು ಅಲ್ಲಿ ನೇತಾಡುವ ತನಕ ತನಗೆ ಉಳಿಗಾಲವಿಲ್ಲ ಎಂದು ಮಹದೇವುಗೆ ಮನದಟ್ಟಾಯಿತು. ಉಟ್ಟ ಪಂಚೆಯಲ್ಲೇ ಸರ್ಕಲ್ಲಿಗೆ ಓಡಿದ. ಅಲ್ಲಿ ಇಬ್ಬರು ಹೆಂಗಸರು ತಲೆ ಎತ್ತಿ ಫ್ಲೆಕ್ಸು ಓದುತ್ತ ನಿಂತಿದ್ದರು.

"ನೋಡಮ್ಮಿ, ಸೀರೆ ತೆಗೀಬೇಕಂತೆ! ಹಾಡಹಗಲಲ್ಲಿ! ಕೈ ಬೇರೆ ಮುಗ್ದವ್ನೆ ಮುಟ್ಠಾಳ!"

"ಕಣ್ಣು ನೋಡು ಅವನ್ದು. ಕುಡುದ್ ಬಂದಂಗೈತೆ."

ಮಹದೇವು ಪಂಚೆಯ ಚುಂಗಿನಲ್ಲಿ ಮುಖ ಮರೆಸಿಕೊಂಡು ಕಂಬದ ಹಿಂಬದಿಗೆ ಹೋದ. ಕೆಳಗೆ ಸೊಪ್ಪಿನ ಗಾಡಿ ನಿಂತಿತ್ತು. ಅದರ ಅಂಚಿನ ಮೇಲೆ ಕಾಲಿಟ್ಟು, ಕಂಬ ತಬ್ಬಿ ಹತ್ತಿ, ಒಂದು ಕಡೆಯ ದಾರ ಬಿಚ್ಚಿದ. ಎರಡನೆಯದು ಬಿಚ್ಚುವ ಹೊತ್ತಿಗೆ ಟೀ ಅಂಗಡಿಯಿಂದ ಸಿದ್ದೇಶನ ಕೂಗು ಕೇಳಿಸಿತು.

"ಯಾರೋ ಅದು? ಏನೋ ಮಾಡ್ತಿದೀಯಾ?"

"ತೆಗೀತಿದೀನಿ ಕಣೋ!"

"ಏನ್ ತೆಗೀತಿದೀಯಾ?"

"ತೆಗೀಬೇಕು ಅಂತ ನೀನೇ ಬರ್ಸಿದೀಯಲ್ಲಪ್ಪ, ಅದನ್ನೇ ತೆಗೀತಿದೀನಿ!"

ಹೆಂಗಸರು ತಲೆ ಎತ್ತಿದರು. ಮೇಲಿದ್ದ ಮುಖ, ಫ್ಲೆಕ್ಸಿನ ಮುಖ, ಎರಡೂ ಒಂದೇ. "ಅಯ್ಯೋ, ಇವನೇ ಕಣಮ್ಮಿ ಅವನು!" ಎಂದು ಒಬ್ಬಾಕೆ ಚಪ್ಪಲಿಗೆ ಬಗ್ಗಿದಳು. ಅದನ್ನು ನೋಡಿ ಮಹದೇವು ಕೈ ಬಿಟ್ಟ. ಫ್ಲೆಕ್ಸಿನ ಸಮೇತ ಸೊಪ್ಪಿನ ಗಾಡಿಯ ಮೇಲೆ, ದಂಟು ಮೆಂತ್ಯ ಕೊತ್ತಂಬರಿಯ ನಡುವೆ ಬಂದು ಬಿದ್ದ. ಬಿದ್ದ ರಭಸಕ್ಕೆ ಗಾಡಿಯ ಮೈಕು ಚಾಲೂ ಆಯಿತು.

"ನಂಗೆ ನಿದ್ದೆ ಬೇಕು ಕಣ್ರಪ್ಪೋ!" ಎಂಬ ಆರ್ತನಾದ ಕುಂಬಾರಕೊಪ್ಪಲಿನ ಬೀದಿ ಬೀದಿಗೂ ಕೇಳಿಸಿತು. ಆರು ವರ್ಷದಿಂದ ಅವನ ನಿದ್ದೆ ಕೆಡಿಸಿದ ಅದೇ ಮೈಕು. ಸೊಪ್ಪಿನವನು ಬಾಯಿ ಬಿಟ್ಟುಕೊಂಡು ನೋಡಿದ. ಚಪ್ಪಲಿ ಹಿಡಿದಾಕೆಗೂ ಪಾಪ ಅನ್ನಿಸಿರಬೇಕು, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಗಾಡಿಯವನಿಗೆ ಸಮಾಧಾನ ಹೇಳಿ, ಚೆಲ್ಲಿದ ಸೊಪ್ಪನ್ನೆಲ್ಲ ಕಟ್ಟು ಕಟ್ಟಿಕೊಟ್ಟು, ಹತ್ತಿರದ ಅರಳಿಕಟ್ಟೆಯ ಮೇಲೆ ಒಂದಿಷ್ಟು ಒರಗೋಣವೆಂದರೆ ಅಲ್ಲಿ ಇಸ್ಪೀಟಿನವರು. ಅವರು ಏಳಲಿ ಎಂದು ಕಾದು ಸಾಕಾಗಿ ಮನೆ ಹಾದಿ ಹಿಡಿದಾಗ ಮೂರೂವರೆ ದಾಟಿತ್ತು. ತಲೆಯಲ್ಲಿ ಕೊತ್ತಂಬರಿ, ಮೈಯೆಲ್ಲ ಧೂಳು, ಕಂಕುಳಲ್ಲಿ ಸುತ್ತಿದ ಫ್ಲೆಕ್ಸು.

ಗೇಟು ತೆಗೆದವನು ಹಾಗೇ ನಿಂತುಬಿಟ್ಟ.

ಜಗಲಿಯ ಮೇಲೆ, ಅದೇ ಕಂಬಕ್ಕೆ ಒರಗಿ, ಮಂಡಕಳ್ಳಿಗೆ ಕೊಟ್ಟಿದ್ದ ಅವನ ಅಕ್ಕ ಚಿಕ್ಕತಾಯಮ್ಮ ಕೂತಿದ್ದಳು. ಕಣ್ಣು ಮುಚ್ಚಿತ್ತು. ತಲೆ ಒಂದು ಕಡೆಗೆ ವಾಲಿತ್ತು. ಮಡಿಲಲ್ಲಿದ್ದ ಕೈ ಕೆಳಕ್ಕೆ ಜಾರಿತ್ತು. ಸಿನಿಮಾದಲ್ಲಿ ಇದ್ದ ಹಾಗೇ.

"ಅಕ್ಕಯ್ಯಾ!" ಮಹದೇವು ಓಡಿದ. ಓಡುವಾಗ ಪಂಚೆ ತೊಡರಿ, ಅವಳ ಕಾಲ ಬುಡದಲ್ಲೇ ಬಿದ್ದ. "ಅಕ್ಕಯ್ಯಾ, ನಾನ್ ಬಂದೀನಿ, ಕಣ್ಣು ಬುಡೇ!"

ಚಿಕ್ಕತಾಯಮ್ಮ ಕಣ್ಣು ಬಿಟ್ಟಳು. "ಬಂದ್ಯಾ ಮಾದೇವ? ಬಸ್ಸಲ್ಲಿ ಕೂರಕ್ ಜಾಗ ಸಿಗ್ನಿಲ್ಲ ಕಣಪ್ಪ. ಅಂಗೇ ತೂಕಡಿಸ್ಬುಟ್ಟೆ."

ಇವತ್ತು ಊರಿನಲ್ಲಿ ತನ್ನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ನಿದ್ದೆ ಬರುತ್ತಿದೆಯಲ್ಲ ಎಂದು ಮಹದೇವುಗೆ ಅಳುವೇ ಬಂತು.

"ಅಳ್ಬೇಡ ಕಣಪ್ಪ," ಎಂದಳು ಅಕ್ಕ. "ಮೊಮ್ಮಗಳು ಮೊಬೈಲಲ್ಲಿ ತೋರುಸ್ತು. ಹೊಸಾ ಬಾಗಿನದ ಸೀರೆ ತೆಗೀಬೇಕು ಅಂತ ಅಷ್ಟು ದೊಡ್ಡದಾಗಿ ಬರ್ಸಿ, ಕೈ ಮುಗ್ದು ನಿಂತಿದೀಯ. ಹಬ್ಬ ಇನ್ನು ಮೂರು ವಾರ ಐತೆ, ಈಗ್ಲೇ ನೆಪ್ಪು ಮಾಡ್ಕಂಡವ್ನೆ ನನ್ ತಮ್ಮ ಅಂತ ಬಂದ್ಬುಟ್ಟೆ. ನಾನೇನು ಇಷ್ಟು ವರ್ಷ ಬಾಯ್ಬುಟ್ಟು ಕೇಳಿದ್ನಾ? ಆರು ವರ್ಷದಿಂದ ಕಂಪನಿ ಡ್ರೈವರ್ ಕೈಲಿ ಒಂದು ರವಿಕೆ ಕಣ ಕಳಿಸ್ತೀಯ. ನೀನು ಮಲಗಿರ್ತೀಯ ಅಂತ ನಂಗೊತ್ತಿಲ್ವಾ? ಆದ್ರೂ ಹಬ್ಬದ ದಿನ ಬಾಗ್ಲು ನೋಡ್ಕಂಡೇ ಕೂತಿರ್ತೀನಿ ಕಣೋ. ಸೀರೆಗಲ್ಲ. ನೀನೇ ಬಂದ್ಬುಡ್ತೀಯೇನೋ ಅಂತ."

ಮಹದೇವುಗೆ ತಡೆಯಲಾಗಲಿಲ್ಲ. ಆರು ವರ್ಷ ನಿದ್ದೆಯ ಲೆಕ್ಕ ಇಟ್ಟವನಿಗೆ ಮಂಡಕಳ್ಳಿಯಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆಂದು ಹೊಳೆದಿರಲಿಲ್ಲ. ಕಂಕುಳಲ್ಲಿದ್ದ ಫ್ಲೆಕ್ಸನ್ನು ತಬ್ಬಿಕೊಂಡು ಅಕ್ಕನ ಮೊಣಕಾಲಿಗೆ ಹಣೆ ಹಚ್ಚಿ ಗೊಳೋ ಎಂದು ಅತ್ತ. ಫ್ಲೆಕ್ಸನ್ನೇ ಸೀರೆಯ ಕಟ್ಟು ಎಂದುಕೊಂಡ ಚಿಕ್ಕತಾಯಮ್ಮ ಅದನ್ನು ಸವರಿ, "ಬಟ್ಟೆ ಒಸಿ ದಪ್ಪ ಆಯ್ತೇನೋ," ಎಂದಳು.

ಬಾಗಿಲಲ್ಲಿ ದೇವಿರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಕಾಂಪೌಂಡಿನ ಮೇಲಿಂದ ಇಣುಕಿದ್ದ ಅನುಪಮಾಳ ಕಣ್ಣೂ ಒದ್ದೆಯಾಗಿತ್ತು. ಫ್ಲೆಕ್ಸು ಕಿತ್ತವನನ್ನು ವಿಚಾರಿಸಿಕೊಳ್ಳಲು ಬಂದಿದ್ದ ಸಿದ್ದೇಶ ಗೇಟಿನಲ್ಲೇ ಕರ್ಚೀಫು ಹುಡುಕುತ್ತಿದ್ದ. ಮತ್ತೆ ಅವನ ಹಿಂದೆ, ಉದ್ದ ಕೋಲಿನ ತುದಿಯಲ್ಲಿ ಮೊಬೈಲು. ಫ್ಲೆಕ್ಸಿನ ಅರ್ಥ ಕೇಳಿಕೊಂಡು ಹೋಗಲು ಬಂದ ಚೈತನ್ಯ ಎಲ್ಲವನ್ನೂ ಹಿಡಿದಿಟ್ಟಿದ್ದ.

"ಬೊಟೀಕ್ ಬೇಡ!" ಅವನು ಕೂಗಿದ. "ಅಪಾರ್ಟ್‌ಮೆಂಟ್ ಬೇಡ! ಇದೇ ಜಗಲಿ, ಇದೇ ಕಂಬ, ಇದೇ ಅಕ್ಕ, ಇದೇ ತಮ್ಮ. ನೈಟ್ ಶಿಫ್ಟ್ ಮಾಡ್ಕೊಂಡು ಅಕ್ಕನ ಮರ್ತಿರೋ ತಮ್ಮ. ಇದು ಕಣ್ರೀ ಈ ಕಾಲದ ಬಾಗಿನದ ಸೀರೆ!"

"ಸಾಯೋದು?" ದೇವಿರಮ್ಮ ಪಟ್ಟು ಬಿಡಲಿಲ್ಲ.

"ಸಾಯ್ಬಾರ್ದು," ಎಂದಳು ಅನುಪಮಾ ಮೂಗು ಒರೆಸಿಕೊಳ್ಳುತ್ತ.

"ಸತ್ತಳು ಅಂತ ತಮ್ಮ ಅಂದ್ಕೋತಾನೆ. ಜನಾನೂ ಅಂದ್ಕೋತಾರೆ, ಅಳ್ತಾರೆ. ಆಮೇಲೆ ಕಣ್ಣು ಬಿಡ್ತಾಳೆ," ಎಂದ ಚೈತನ್ಯ.

ದೇವಿರಮ್ಮ ಯೋಚಿಸಿದಳು. "ಅಳು ಬರೋವಷ್ಟು ಹೊತ್ತಾದ್ರೂ ಸತ್ತಿರ್ಬೇಕು ಮತ್ತೆ," ಎಂದು ಒಪ್ಪಿಗೆ ಕೊಟ್ಟಳು. ಸಿದ್ದೇಶನ ಹೆಸರನ್ನು ‘ಪರಂಪರೆ ಸಲಹೆಗಾರರು’ ಎಂದು ತೆರೆಯ ಮೇಲೆ ಹಾಕುವುದೆಂದು ಮಾತಾದ ಮೇಲೆ ಅವನಿಗೂ ಹಳೆಯದನ್ನು ಒಂದೆರಡು ಕಡೆ ಮುಟ್ಟಬಹುದು ಅನ್ನಿಸಿತು. ಬೆಳಗ್ಗೆಯಿಂದ ಕಿತ್ತಾಡಿದವರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತು ಕಾಫಿ ಕುಡಿದರು. ಕಟ್ಟು ಬಿಚ್ಚಿ ನೋಡಿದ ಚಿಕ್ಕತಾಯಮ್ಮನಿಗೆ ಅದರೊಳಗೆ ಸಿಕ್ಕಿದ್ದು ಸೀರೆಯಲ್ಲ, ಕೈ ಮುಗಿದ ತಮ್ಮ. ದೇವಿರಮ್ಮ ಎಸೆದಿದ್ದ ಚಾಪೆಯನ್ನು ಒಳಗೆ ತಂದು ಹಾಸಿದಳು.

ಮಹದೇವು ಅದರ ಮೇಲೆ ಕಾಲು ಚಾಚಿದ. ಹೆಂಡತಿಗೆ ಸಂತೋಷ. ಚೈತನ್ಯನಿಗೆ ಸಂತೋಷ. ಅಂದ ಮೇಲೆ ಮಹೇಂದ್ರನಿಗೂ ಸಂತೋಷ. ನಾಳೆಯಿಂದ ಹಗಲು ಕೆಲಸ, ರಾತ್ರಿ ನಿದ್ದೆ. ಹಬ್ಬದ ದಿನ ಬೆಳಗ್ಗೆ ಎದ್ದು, ಸ್ನಾನ ಮಾಡಿ, ಮೊರದ ಬಾಗಿನ ಹಿಡಿದು ತಾನೇ ಮಂಡಕಳ್ಳಿಗೆ ಹೋಗುವುದು ಕಣ್ಣಿಗೆ ಕಟ್ಟಿತು. ಐದು ಗಂಟೆಗೆ ಸರಿಯಾಗಿ ಫೋನು ಬಂತು.

"ಮಹದೇವು ಅವ್ರೇ! ವಿಡಿಯೊ ನೋಡ್ದೆ ಕಣ್ರೀ, ನಾನೂ ಅತ್ಬುಟ್ಟೆ," ಎಂದ ಮಹೇಂದ್ರ. ಅವನ ದನಿಯಲ್ಲಿ ಇಷ್ಟು ಪ್ರೀತಿಯನ್ನು ಮಹದೇವು ಯಾವತ್ತೂ ಕೇಳಿರಲಿಲ್ಲ. "ಈಗ್ತಾನೇ ಲಿಸ್ಟ್ ಹಾಕ್ದೆ. ನಿಮ್ ಹೆಸರು ತೆಗ್ದಿದೀನಿ."

"ತೆಗ್ದ್ರಾ ಸಾರ್! ಕೊನೆಗೂ ನೈಟ್ ಶಿಫ್ಟಿಂದ ತೆಗ್ದ್ರಲ್ಲ! ನಿಮ್ ಹೊಟ್ಟೆ ತಣ್ಣಗಿರ್ಲಿ!"

"ನೈಟ್ ಶಿಫ್ಟಿಂದ ಅಲ್ಲ ಕಣ್ರೀ, ಜನರಲ್ ಶಿಫ್ಟಿಂದ. ತಮ್ಮನ ಪಾರ್ಟು ನಿಮ್ಗೇ ಅಂತೆ. ನಾಲ್ಕು ತಿಂಗಳು ನಿಮ್ಮನೇಲೇ ಶೂಟಿಂಗು, ಎಲ್ಲಾ ಹಗಲಲ್ಲೇ. ನೀವು ಹಗಲು ಇಲ್ಲಿ ಬಂದು ಕೂತ್ರೆ ಅಲ್ಲಿ ಕೆಲಸ ಎಂಗಾಗುತ್ತೆ? ಅದೂ ಅಲ್ದೆ ಚೈತನ್ಯ ಒಂದು ಮಾತು ಒತ್ತಿ ಹೇಳಿದಾನೆ. ನಿಮ್ ಆ ಕಣ್ಣಿದ್ಯಲ್ಲ, ಅದು ಯಾವ ಮೇಕಪ್ಪಿಗೂ ಬರಲ್ವಂತೆ. ನಿದ್ದೆಗಿದ್ದೆ ಮಾಡಿ ಅದನ್ನ ಹಾಳ್ ಮಾಡ್ಕೋಬೇಡಿ ಅಂತ ಹೇಳು ಅಂದ."

ಮಹದೇವು ಫೋನನ್ನು ಚಾಪೆಯ ಮೇಲಿಟ್ಟ. ಅದರ ಪಕ್ಕದಲ್ಲಿ ತಾನೂ ಬಿದ್ದುಕೊಂಡ.

"ಏನಂತ್ರೀ ಸಾಹೇಬ್ರು?" ದೇವಿರಮ್ಮ ಬಗ್ಗಿ ಕೇಳಿದಳು.

"ಹೆಸರು ತೆಗ್ದ್ರಂತೆ ಕಣೇ."

ದೇವಿರಮ್ಮನ ಮುಖ ಅರಳಿತು. ಸೆರಗು ಸಿಕ್ಕಿಸಿಕೊಂಡು ಬೀದಿಗೇ ಓಡಿದಳು. "ಕೇಳಿದ್ರಾ? ನಮ್ಮನೆಯವ್ರು ಕಂಪನೀಲಿ ಹೆಸರು ತೆಗ್ದ್ರಂತೆ ಕಣ್ರಮ್ಮಾ! ಸಾಹೇಬ್ರೇ ಫೋನ್ ಮಾಡಿದ್ರು!"

"ತೆಗೀದೆ ಇರ್ತಾನಾ, ನನ್ ತಮ್ಮ," ಎಂದು ಚಿಕ್ಕತಾಯಮ್ಮ ಜಗಲಿಯಿಂದ ಎದ್ದು ಒಳಗೆ ಬಂದು ಅವನ ಕೈ ಹಿಡಿದೆಳೆದಳು. "ಏಳಪ್ಪ ಮಾದೇವ. ನಿನ್ ಬಸ್ಸು ಬರಾಕೆ ಇನ್ನೂ ಮೂರು ಗಂಟೆ ಐತಂತಲ್ಲ. ಸುಮ್ನೆ ಯಾಕ್ ಮಲಗಿರ್ತೀಯ? ಬಾ, ಪೇಟೇಗೆ ಹೋಗಿ ಸೀರೆ ತೆಗ್ದುಬುಡಾನ."